ನಿಂಗಯ್ಯನ ಕುಳಿ

(ಒಂಬತ್ತನೆಯ ಕಂತು)

"ಮೂವತ್ತೊಂದು ಸಲ, ಗಿರೀಶಾ," ಎಂದಳು ಲತಾಮಣಿ. "ಮೂರು ವಾರದಲ್ಲಿ ಮೂವತ್ತೊಂದು ಸಲ ಅರ್ಚನಾಳ ಲೇಖನದ ಅದೇ ಒಂದು ಪುಟ ತೆರೆದಿದ್ದಾರೆ. ದಿನವೂ ಒಂದರಿಂದ ಎರಡು ಗಂಟೆಯ ಒಳಗೆ. ಊಟದ ಹೊತ್ತಲ್ಲಿ ಈ ಕೋಣೆಯಲ್ಲಿ ಇರೋದು ನೀನೊಬ್ಬ."

ಗಿರೀಶ್ ಫೈಲಿಗೆ ದಾರ ಪೋಣಿಸುತ್ತಿದ್ದ. ಕೈ ನಿಲ್ಲಿಸಲಿಲ್ಲ.

ಮೀನಂಗಡಿಯ ಹೆದ್ದಾರಿಗೆ ಬೆನ್ನು ಹಾಕಿ ನಿಂತ ಮಲಯೋರ ಲಾ ಕಾಲೇಜಿನಲ್ಲಿ ಆ ಕೋಣೆ ಲೈಬ್ರರಿಯ ಪಕ್ಕಕ್ಕೆ ಅಂಟಿಕೊಂಡಿತ್ತು. ಅಧ್ಯಾಪಕರು ಕಾನೂನಿನ ಮೇಲೆ ಬರೆದ ಲೇಖನಗಳನ್ನು ಎಷ್ಟು ಮಂದಿ ತೆರೆದರು, ಯಾರು ತಮ್ಮ ಬರಹದಲ್ಲಿ ಹೆಸರಿಸಿದರು, ಯಾವ ಕೋರ್ಟು ತೀರ್ಪಿನಲ್ಲಿ ಎತ್ತಿಕೊಂಡಿತು ಎಂದು ಎಣಿಸಿಡುವುದು ಅಲ್ಲಿನ ಕೆಲಸ. ಈ ಎಣಿಕೆಯನ್ನು ಶುರುಮಾಡಿದವಳೇ ಲತಾಮಣಿ; ಈಗ ನೋಡಿಕೊಳ್ಳುವವನು ಗಿರೀಶ್. ಇಪ್ಪತ್ತೆಂಟು ವರ್ಷ ಲೈಬ್ರರಿ ನೋಡಿಕೊಂಡು, ಕಳೆದ ಮಾರ್ಚಿನಲ್ಲಿ ನಿವೃತ್ತಳಾಗಿ ಪಯ್ಯಂಪಳ್ಳಿಯ ಮನೆಯಲ್ಲಿ ಮೆಣಸು ಒಣಗಿಸಿಕೊಂಡಿದ್ದವಳನ್ನು ಪ್ರಿನ್ಸಿಪಾಲರೇ ಐದು ದಿನದ ಹಿಂದೆ ಮತ್ತೆ ಕರೆಸಿದ್ದರು.

ಕರೆಸಿದ್ದಕ್ಕೆ ಕಾರಣ ಒಂದು ನೀಲಿ ರಟ್ಟಿನ ನೋಟ್‌ಬುಕ್. ತೋಲ್ಪೆಟ್ಟಿಯ ನಿಂಗಯ್ಯ ಹೇಳಿದ ಮಾತುಗಳನ್ನು ಕಾಲೇಜಿನ ಅರ್ಚನಾ ಟೀಚರ್ ಬರೆದುಕೊಂಡಿದ್ದ ಆ ಪುಸ್ತಕ ಲೈಬ್ರರಿಯ ಬೀರುವಿನಿಂದ ಕಾಣೆಯಾಗಿತ್ತು.

"ಹೇಳು," ಎಂದಳು ಲತಾಮಣಿ. "ಅರ್ಚನಾ ಮೇಲೆ ದೂರು ಬರೆದದ್ದು ನೀನೇನಾ?"

"ತೆರೆದದ್ದು ನಾನೇ ಚೇಚಿ. ದೂರು ನಾನಲ್ಲ." ಕಾಲೇಜಿನಲ್ಲಿ ಎಲ್ಲರಿಗೂ ಅವಳು ಚೇಚಿ, ಅಕ್ಕ.

"ನಿನ್ನ ಲೇಖನ ಎಷ್ಟು ಮಂದಿ ಓದಿದ್ದಾರೆ?"

ಗಿರೀಶ್ ನಕ್ಕ. "ಹದಿನೇಳು. ಅದರಲ್ಲಿ ಹನ್ನೊಂದು ನಾನು, ಎರಡು ನನ್ನ ಹೆಂಡತಿ. ಹೊಟ್ಟೆಕಿಚ್ಚು ಇಲ್ಲ ಅನ್ನೋದಿಲ್ಲ. ಅರ್ಚನಾದು ಸಾವಿರದ ಇನ್ನೂರು ದಾಟಿದ ದಿವಸ ನನಗೆ ಅನ್ನ ಸೇರಲಿಲ್ಲ. ಆದರೆ ಹೊಟ್ಟೆಕಿಚ್ಚಿಗೆ ಸತ್ತವರ ಹಾದಿ ಮುಚ್ಚೋವಷ್ಟು ಕೆಟ್ಟವನಲ್ಲ ನಾನು."

ಸತ್ತವರ ಹಾದಿ. ಇಡೀ ಕೇಸು ನಿಂತಿದ್ದದ್ದೇ ಅದರ ಮೇಲೆ. ತೋಲ್ಪೆಟ್ಟಿಯ ಹದಿನಾಲ್ಕು ಕನ್ನಡದ ಮನೆಗಳವರು ನಾಲ್ಕು ತಲೆಮಾರಿನಿಂದ ತಮ್ಮವರನ್ನು ಹೂಳುತ್ತಿದ್ದ ಜಾಗಕ್ಕೆ ಹೋಗುವ ಕಾಲುಹಾದಿಗೆ ನೀಲಾಟ್ಟಿಲ್ ಎಸ್ಟೇಟಿನವರು ಕಬ್ಬಿಣದ ಗೇಟು ಹಾಕಿದ್ದರು. ಹಾದಿ ಹಳೆಯದು ಎನ್ನಲು ಕಾಗದ ಇರಲಿಲ್ಲ. ಇದ್ದದ್ದು ನಿಂಗಯ್ಯನ ಮಾತು. ಆ ಮಾತನ್ನು ಇಟ್ಟುಕೊಂಡು ಅರ್ಚನಾ ಬರೆದ ಲೇಖನವನ್ನೇ ನಿಂಗಯ್ಯನ ಹೆಂಡತಿ ಸಣ್ಣಮ್ಮನ ವಕೀಲರು ಕೋರ್ಟಿಗೆ ಕೊಟ್ಟಿದ್ದರು. ನಿಂಗಯ್ಯ ಈಗ ಇಲ್ಲ. ಲೇಖನ ಸುಳ್ಳು ಎಂದು ಅದು ಅಚ್ಚಾದ ಕಾನೂನು ಪತ್ರಿಕೆಗೆ ಮೂರು ವಾರದ ಹಿಂದೆ ಯಾರೋ ದೂರು ಬರೆದಿದ್ದರು. ನಾಳೆ ಹನ್ನೊಂದಕ್ಕೆ ಸಂಪಾದಕರ ಸಭೆ. ಅಷ್ಟರೊಳಗೆ ನೋಟ್‌ಬುಕ್ ಸಿಗದಿದ್ದರೆ ಲೇಖನ ಹಿಂದಕ್ಕೆ. ಸೋಮವಾರ ಕೋರ್ಟಿನಲ್ಲಿ ಹಾದಿಯೂ ಹೋದಂತೆ.

"ದೂರಿನಲ್ಲಿ ಏನಿದೆ ಅಂತ ನೆನಪಿದೆಯಲ್ಲ?" ಗಿರೀಶ್ ದಾರವನ್ನು ಕೆಳಗಿಟ್ಟ.

"ನಿಂಗಯ್ಯ ಹೇಳಿದ ಪದ 'ಕುಳಿ'. ಕುಳಿ ಅಂದರೆ ಸ್ನಾನ ಅಂತ ಯಾವ ಮಲಯಾಳಿ ಮಗುವಿಗೂ ಗೊತ್ತು. ಸ್ನಾನದ ಜಾಗವನ್ನ ಅರ್ಚನಾ ಟೀಚರ್ ಸ್ಮಶಾನ ಮಾಡಿದ್ದಾರೆ ಅಂತ. ಕನ್ನಡ ಬರುವವರು ಯಾರಾದರೂ ಹಾಗೆ ಬರೀತಾರಾ? ಕುಳಿ ಅಂದರೆ ನಮ್ಮಲ್ಲಿ ಗುಂಡಿ. ಹೆಣದ ಗುಂಡಿ."

"ನಮ್ಮಲ್ಲಿ ಅನ್ನಬೇಡಿ ಚೇಚಿ."

"ಯಾಕೆ?"

ಗಿರೀಶ್ ಕಂಪ್ಯೂಟರನ್ನು ಅವಳ ಕಡೆಗೆ ತಿರುಗಿಸಿದ. ಅರ್ಚನಾಳ ಲೇಖನ ಇಂಗ್ಲಿಷಿನಲ್ಲಿತ್ತು. ನಿಂಗಯ್ಯನ ಮಾತು ಅಡಿಟಿಪ್ಪಣಿಗಳಲ್ಲಿ ಕನ್ನಡದಲ್ಲೇ. ಅದರ ಮೇಲೆ, ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವಂತೆ, ಹತ್ತು ಸಾಲಿನ ಮಲಯಾಳ ಸಾರಾಂಶ. ಅದರ ಕೆಳಗೆ ಹುಡುಕುವವರಿಗೆಂದು ಕೊಟ್ಟ ಪದಗಳು.

ನಾಲ್ಕನೆಯ ಪದದ ಮೇಲೆ ಗಿರೀಶ್ ಬೆರಳಿಟ್ಟ. ಕುಳಿಕ್ಕಡವ್. ಸ್ನಾನಘಟ್ಟ.

"ದೂರು ಬರೆದವರು ನಿಂಗಯ್ಯನ ಮಾತು ಓದಿಲ್ಲ. ಇದನ್ನ ಓದಿದ್ದಾರೆ," ಎಂದ. "ಮೇಲೆ ಸ್ನಾನಘಟ್ಟ, ಕೆಳಗೆ ಸ್ಮಶಾನ. ಯಾರಿಗಾದರೂ ಸಂಶಯ ಬರುತ್ತೆ. ಆ ಸಾವಿರದ ಇನ್ನೂರು ಜನರಲ್ಲಿ ಕೊನೆಯ ಪುಟದವರೆಗೆ ಹೋದವರು ಒಂಬತ್ತೇ ಮಂದಿ."

"ಈ ಸಾರಾಂಶ ಬರೆದದ್ದು ಯಾರು?" ಎಂದು ಕೇಳಿದಳು.

ಗಿರೀಶ್ ಇನ್ನೊಂದು ಪುಟ ತೆರೆದ. ಯಾವ ದಿನ ಏನು ಸೇರಿತು, ಯಾರು ಸೇರಿಸಿದರು ಎಂದು ಅದು ತಾನಾಗಿಯೇ ಬರೆದಿಡುತ್ತದೆ. ಎರಡು ವರ್ಷದ ಹಿಂದಿನ ನವೆಂಬರ್ ಹದಿನಾಲ್ಕು. ಸಂಜೆ ನಾಲ್ಕು ಹತ್ತು. ಎಲ್.ಎಂ.

ಲತಾಮಣಿಗೆ ಆ ಸಂಜೆ ನೆನಪಾಯಿತು. ತಪಾಸಣೆಯ ತಂಡ ಬರಲು ನಾಲ್ಕೇ ದಿನ. ಅರವತ್ತು ಲೇಖನಗಳು ಕಪಾಟಿನಲ್ಲಿ ಕೊಳೆಯುತ್ತಿವೆ, ಹೊರಗಿನವರು ಓದಲಿ, ಊರಿನ ವಕೀಲರು ಓದಲಿ ಎಂದು ಹಟ ಹಿಡಿದು ಒಂದೊಂದಕ್ಕೂ ಮಲಯಾಳದಲ್ಲಿ ಸಾರಾಂಶ ಬರೆದವಳು ಅವಳೇ. ಮೂರು ಪುಟ ಓದುವುದು, ಹತ್ತು ಸಾಲು ಬರೆಯುವುದು. ಅಡಿಟಿಪ್ಪಣಿಯಲ್ಲಿ ಕಂಡ 'ಕುಳಿ'ಯನ್ನು, ಬಾಯಿಗೆ ಬಂದ ಮಲಯಾಳದಲ್ಲಿಯೇ ಓದಿಕೊಂಡಿದ್ದಳು. ಮನೆಯಲ್ಲಿ ಕನ್ನಡ, ಆದರೆ ಮನೆಯಲ್ಲಿ ಯಾರೂ ಸಾವಿನ ಗುಂಡಿಗೆ ಕುಳಿ ಎಂದಿರಲಿಲ್ಲ. ಗುಂಡಿ ಎಂದೇ ಹೇಳುತ್ತಿದ್ದರು. ಸ್ಕೂಲು, ಕಾಲೇಜು, ಆಫೀಸು ಎಲ್ಲ ಮಲಯಾಳ. ಅಲ್ಲಿ ಗುಂಡಿಗೆ ಬೇರೆ ಪದ, ನಾಲಗೆಯನ್ನು ಹಿಂದಕ್ಕೆ ಮಡಿಚಿ ಹೇಳುವ ಒಂದು ಅಕ್ಷರದ್ದು. ಆ ಅಕ್ಷರವನ್ನು ಕನ್ನಡ ಎಂದೋ ಕಳೆದುಕೊಂಡಿದೆ. ಉಳಿದದ್ದು ಒಂದೇ ಕುಳಿ. ಅದರೊಳಗೆ ಅವಳು ನೇರವಾಗಿ ಬಿದ್ದಿದ್ದಳು.

ಐದು ದಿನದಿಂದ ಕಳ್ಳನ ಹೆಜ್ಜೆ ಎಂದು ಅವಳು ಅಳೆದದ್ದು ತನ್ನದೇ ಹೆಜ್ಜೆ.

"ಮೂರು ವಾರದಿಂದ ಗೊತ್ತಿತ್ತಾ ನಿನಗೆ?"

"ದೂರು ಬಂದ ಮಾರನೆಯ ದಿನವೇ ಗೊತ್ತಾಯ್ತು. ತಿದ್ದೋಣ ಅಂತ ದಿನಾ ತೆರೀತಿದ್ದೆ. ತಿದ್ದಿದರೆ ಹಳೆಯದು ಯಾರು ಬರೆದದ್ದು ಅಂತ ಎಲ್ಲರಿಗೂ ಕಾಣುತ್ತೆ. ಮುಚ್ಚಿಬಿಡ್ತಿದ್ದೆ." ಅವನು ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ಫೀಸು ಕಟ್ಟದೆ ಹೊರಗೆ ನಿಂತಿದ್ದವನನ್ನ ಲೈಬ್ರರಿ ಒಳಗೆ ಕೂರಿಸಿದವರು ನೀವು, ಚೇಚಿ."

"ಅದಕ್ಕೆ ಬಾಯಿ ಮುಚ್ಚಿಕೊಂಡು ಕೂತೆಯಾ? ಕಳ್ಳ ಅಂತ ನಾನು ಅಂದಾಗಲೂ?"

"ನೀವು ಇವತ್ತು ತಾನೇ ಅಂದದ್ದು? ನನ್ನ ಹೆಂಡತಿ ದಿನಾ ಅಂತಾಳೆ."

ನಗು ಬರಲಿಲ್ಲ ಅವಳಿಗೆ. ಅವನು ಇನ್ನೊಂದು ಹಾಳೆಯನ್ನು ಮುಂದೆ ತಳ್ಳಿದ. ಎಸ್ಟೇಟಿನವರು ಕೋರ್ಟಿಗೆ ಕೊಟ್ಟ ರಾಜಿ ಅರ್ಜಿಯ ಪ್ರತಿ. ನಿವಾಸಿಗಳು ಸ್ನಾನಕ್ಕೆ ಬಳಸುತ್ತಿದ್ದರು ಎನ್ನಲಾದ ಜಾಗದಲ್ಲಿಯೇ, ತಮ್ಮ ಖರ್ಚಿನಲ್ಲಿ, ಮೆಟ್ಟಿಲುಗಳಿರುವ ಕೊಳವೊಂದನ್ನು ತೋಡಿಸಿಕೊಡಲು ಸಿದ್ಧ. ಕೆಲಸ ಈ ವಾರವೇ ಆರಂಭ.

ಲತಾಮಣಿ ಆ ಸಾಲನ್ನು ಎರಡು ಸಲ ಓದಿದಳು. ಆ ಜಾಗದಲ್ಲಿಯೇ. ಅವರು ಮೋಸ ಮಾಡಿರಲಿಲ್ಲ. ಅವಳು ಬರೆದದ್ದನ್ನು ನಂಬಿದ್ದರು.

"ತಿದ್ದು," ಎಂದಳು. "ನನ್ನ ಹೆಸರು ಕಾಣಲಿ. ನಾಳೆ ಸಭೆಯಲ್ಲಿ ನಾನೇ ನಿಂತು ಹೇಳ್ತೀನಿ."

"ನಿಮ್ಮ ಮಾತಷ್ಟೇ ಸಾಕಾಗೋದಿಲ್ಲ. ನಿಂಗಯ್ಯ ಕುಳಿ ಅಂದದ್ದು ಗುಂಡಿ ಅನ್ನೋ ಅರ್ಥದಲ್ಲೇ ಅನ್ನೋಕೆ ಆ ಪುಸ್ತಕ ಬೇಕು."

ಅವಳು ಎದ್ದು ಲೈಬ್ರರಿಗೆ ಹೋದಳು. ಬೀರು ತೆರೆದೇ ಇತ್ತು. ನೋಟ್‌ಬುಕ್ ಇರಬೇಕಾಗಿದ್ದ ಜಾಗದಲ್ಲಿ ಹಳದಿ ಚೀಟಿಯೊಂದು ಮಾತ್ರ. ಏನನ್ನು ತೆಗೆದರೂ ಆ ಜಾಗದಲ್ಲಿ ಹೆಸರು, ತಾರೀಕು, ಸಹಿ ಬರೆದ ಚೀಟಿ ಇಡಬೇಕೆನ್ನುವುದು ಅವಳೇ ಮಾಡಿದ ನಿಯಮ. ಈ ಚೀಟಿಯಲ್ಲಿ ಹೆಸರಿಲ್ಲ, ತಾರೀಕಿಲ್ಲ. ಮೂಲೆಯಲ್ಲಿ ನೇರಳೆ ಮಸಿಯ ಕಲೆ. ಮುದ್ರೆ ಒತ್ತುವಾಗ ಬಿದ್ದದ್ದೆಂದು ಮೊದಲ ದಿನವೇ ಪಕ್ಕಕ್ಕಿಟ್ಟಿದ್ದಳು.

ಈಗ ಕಿಟಕಿಯ ಬೆಳಕಿಗೆ ಹಿಡಿದಳು. ಕಲೆಯೊಳಗೆ ಗೆರೆಗಳಿದ್ದವು. ಸುತ್ತಿಕೊಂಡು ಸುತ್ತಿಕೊಂಡು ಒಳಕ್ಕೆ ಹೋಗುವ ಗೆರೆಗಳು.

ಅದು ಕಲೆಯಲ್ಲ. ಹೆಬ್ಬೆರಳು.

ಲಾ ಕಾಲೇಜಿನ ಲೈಬ್ರರಿಯಲ್ಲಿ ಬೆರಳೊತ್ತುವವರು ಯಾರು? ಮೂರು ವಾರದಿಂದ ಈಚೆಗೆ ಬಂದುಹೋದವರನ್ನೆಲ್ಲ ಅವಳು ವಿಚಾರಿಸಿದ್ದಳು. ಅದಕ್ಕೂ ಹಿಂದೆ ಯಾರಾದರೂ ತೆಗೆದಿರಬಹುದೆಂದು ಯೋಚಿಸಿರಲಿಲ್ಲ. ಡಿಸೆಂಬರಿನಲ್ಲಿ ಕೆಲಸ ಬಿಟ್ಟು ಕಣ್ಣೂರಿನ ಮಗಳ ಮನೆಗೆ ಹೋದ ಅಟೆಂಡರ್ ಪದ್ಮಾಕ್ಷಿಗೆ ಫೋನು ಮಾಡಿದಳು.

"ಅಯ್ಯೋ, ಆ ಚೀಟಿ ಇನ್ನೂ ಇದೆಯಾ?" ಪದ್ಮಾಕ್ಷಿಯ ಮಲಯಾಳ ಫೋನಿನಿಂದ ಉಕ್ಕಿತು. "ಓಣಂ ರಜೆಗೆ ಎರಡು ದಿನ ಮುಂಚೆ ಚೇಚಿ. ತೋಲ್ಪೆಟ್ಟಿಯಿಂದ ಆ ಅಮ್ಮ ಬಂದಿದ್ದರು. ನೀವು ಆಗಲೇ ರಿಟೈರ್ ಆಗಿ ಹೋಗಿದ್ದಿರಿ. ಗಂಡ ಹೋಗಿ ತಿಂಗಳಾಗಿದೆ, ಅವರ ಮಾತು ಬರೆದಿಟ್ಟ ಬುಕ್ಕು ಕೊಡಿ ಅಂತ ಅತ್ತರು. ಚೀಟಿ ಇಲ್ಲದೆ ದೇವರಿಗೂ ಕೊಡಬಾರದು ಅಂದವರು ನೀವೇ ಅಲ್ಲವಾ? ಬೆರಳೊತ್ತಿಸಿಕೊಂಡೆ. ಹೆಸರು ಆಮೇಲೆ ಬರೆಯೋಣ ಅಂದುಕೊಂಡೆ, ಬೆಲ್ಲು ಹೊಡೀತು."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀವು ಕೇಳಬೇಕಲ್ಲ?"

* * *

ಮಾನಂದವಾಡಿಯಲ್ಲಿ ಬಸ್ಸು ಬದಲಿಸುವಾಗ ಅರ್ಚನಾಳ ಫೋನು ಬಂತು. ಲತಾಮಣಿ ಹುಡುಕಲು ಬಂದಾಗಿನಿಂದ ಅವಳು ದಿನಕ್ಕೆ ಎರಡು ಸಲ ಇದೇ ಪ್ರಶ್ನೆ ಕೇಳುತ್ತಿದ್ದಳು.

"ಪುಸ್ತಕ ಸಿಕ್ಕಿತಾ ಚೇಚಿ?"

"ಸಿಗೋ ಹಾಗಿದೆ. ತೋಲ್ಪೆಟ್ಟಿಗೆ ಹೊರಟಿದ್ದೀನಿ, ಸಣ್ಣಮ್ಮನ ಹತ್ರ."

"ಈಗ ಬೇಡ ಚೇಚಿ. ಆ ಕಡೆ ಆನೆ ಇಳಿಯುತ್ತೆ."

"ಮಧ್ಯಾಹ್ನ ಒಂದೂವರೆಗೆ ಯಾವ ಆನೆ ಮಾರಾಯ್ತಿ?"

"ನಾಳೆ ಸಭೆ ಆಗಲಿ. ಆದದ್ದಾಗಲಿ."

ಹುಡುಗಿ ಸೋತುಹೋಗಿದ್ದಾಳೆ ಎಂದುಕೊಂಡಳು ಲತಾಮಣಿ. ತನ್ನ ತಪ್ಪಿಗೆ ಅವಳು ಸೋತಿದ್ದಾಳೆ. ಹೇಳಿಬಿಡಬೇಕು ಎನ್ನಿಸಿತು. ಆದರೆ ಬಸ್ಸು ಹೊರಟಿತು, ಸದ್ದಿನಲ್ಲಿ ಹೇಳುವ ಮಾತಲ್ಲ ಅದು ಎಂದು ತನಗೆ ತಾನೇ ನೆಪ ಹೇಳಿಕೊಂಡಳು.

ಕಾಟಿಕುಳಂ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಬೋಳು ತೇಗ. ನೆಲದ ತುಂಬ ತರಗೆಲೆ. ವಾರದ ಹಿಂದೆ ಒಂದು ಹನಿ ಬಿದ್ದು, ತೋಟಗಳಲ್ಲಿ ಕಾಫಿ ಹೂವು ಬಿಟ್ಟಿತ್ತು. ಆ ಪರಿಮಳಕ್ಕೆ ಬಸ್ಸಿನಲ್ಲಿದ್ದವರೆಲ್ಲ ಒಂದು ಗಳಿಗೆ ಮಾತು ನಿಲ್ಲಿಸಿದರು.

ಸಣ್ಣಮ್ಮ ಜಗಲಿಯಲ್ಲಿ ಮೊರ ಹಿಡಿದು ಕೂತಿದ್ದಳು. ಎಪ್ಪತ್ತಾರರ ಮುದುಕಿ, ಕಣ್ಣು ಮಾತ್ರ ಚುರುಕು. ಮನೆಯ ಹಿಂದೆ ಮುನ್ನೂರು ಹೆಜ್ಜೆಗೆ ಎಸ್ಟೇಟಿನ ಗೇಟು. ಅದರ ಆಚೆಯಿಂದ ಯಂತ್ರದ ಸದ್ದು ಬರುತ್ತಿತ್ತು, ಗುರ್ರೆಂದು ಎದ್ದು, ಒದ್ದಾಡಿ, ಮತ್ತೆ ಇಳಿಯುವ ಸದ್ದು.

"ಬೆಳಗಾಗ್ನಿಂದ ಹಿಂಗೇ ಕನವ್ವ," ಎಂದಳು ಸಣ್ಣಮ್ಮ. "ಕೊಳ ತೋಡ್ತಾರಂತೆ. ನಮ್ಮೋರು ಮೀಯೋಕೆ. ಮೀಯೋಕೆ ನಮ್ಮನೇಲಿ ಬಚ್ಚಲಿಲ್ವಾ?"

ಲತಾಮಣಿ ಅವಳ ಪಕ್ಕದಲ್ಲಿ ಕೂತಳು. ಹೇಗೆ ಶುರುಮಾಡುವುದೆಂದು ತಿಳಿಯಲಿಲ್ಲ. ಚೀಟಿ ತೆಗೆದು ತೋರಿಸಿದಳು.

"ಅವ್ವ, ಇದು ನಿಮ್ಮ ಬೆರಳಲ್ವಾ?"

"ನಂದೇಯ."

"ಸೋಮವಾರ ಬಂದು ಕೇಳಿದೆನಲ್ಲ ನಾನು. ಅರ್ಚನಾ ಟೀಚರ್ ಪುಸ್ತಕ ನೋಡಿದ್ದೀರಾ ಅಂತ. ಇಲ್ಲ ಅಂದಿರಿ."

"ಅರ್ಚನಾ ಟೀಚರ್ ಪುಸ್ತಕ ನಾನೆಲ್ಲಿ ನೋಡ್ದೆ?" ಸಣ್ಣಮ್ಮ ಮೊರ ಕೆಳಗಿಟ್ಟಳು. "ನಾನು ತಂದಿದ್ದು ನಮ್ಮ ಯಜಮಾನ್ರುದ್ದು. ಮೂರು ದಿನ ಇದೇ ಜಗಲೀಲಿ ಕೂತು ಅವರು ಹೇಳಿದ್ರು, ಆ ಮಗು ಬರ್ಕೊಂತು. ಯಾರ ಸಮಾಧಿ ಎಲ್ಲೈತೆ, ಯಾವ ಕಲ್ಲು ಯಾರ್ದು, ಎಲ್ಲಾ ಅವರ ಬಾಯಿಂದ ಬಂದದ್ದು. ಬರೆದೋರ್ದು ಅದು ಹೆಂಗಾಯ್ತದೆ?"

ಸಾವಿರದ ಇನ್ನೂರು ಓದುಗರು, ಹೆಸರಿಸಿದ ಏಳು ಲೇಖನಗಳು, ಒಂದು ಹೈಕೋರ್ಟಿನ ತೀರ್ಪು. ಎಲ್ಲ ಕಡೆ ಅರ್ಚನಾಳ ಹೆಸರು. ನಿಂಗಯ್ಯನ ಹೆಸರನ್ನು ಎಣಿಸುವ ಒಂದು ಕಾಲಂ ಲತಾಮಣಿಯ ಪಟ್ಟಿಯಲ್ಲಿ ಇರಲೇ ಇಲ್ಲ.

"ತಪ್ಪು ನಂದು ಅವ್ವ. ಕೇಳಿದ್ದು ತಪ್ಪು. ಅದಕ್ಕೂ ಮುಂಚೆ ಇನ್ನೊಂದು ತಪ್ಪು ಮಾಡಿದ್ದೀನಿ." ತಲೆ ತಗ್ಗಿಸಿಯೇ ಹೇಳಿದಳು. "ನಿಮ್ಮವರು ಕುಳಿ ಅಂದದ್ದನ್ನ ನಾನು ಮಲಯಾಳದ ಕುಳಿ ಅಂತ ಬರೆದೆ. ಸ್ನಾನ ಅಂತ. ಅದನ್ನ ನೋಡಿಯೇ ಅವರು ಅಲ್ಲಿ ಕೊಳ ತೋಡ್ತಾ ಇರೋದು."

ಸಣ್ಣಮ್ಮ ಯಂತ್ರದ ಸದ್ದು ಬರುತ್ತಿದ್ದ ಕಡೆಗೆ ಒಮ್ಮೆ ನೋಡಿದಳು.

"ಪಯ್ಯಂಪಳ್ಳಿ ಶಿವಣ್ಣನ ಮಗಳಲ್ವಾ ನೀನು," ಎಂದಳು. "ಕನ್ನಡದೋರ ಮನೆ ಮಗಳು."

ಬೈದಿದ್ದರೆ ವಾಸಿಯಿತ್ತು.

"ಪುಸ್ತಕ ಎಲ್ಲಿದೆ ಅವ್ವ? ನಾಳೆ ಅದನ್ನ ತೋರಿಸಿದರೆ ಎಲ್ಲ ನಿಲ್ಲಿಸಬಹುದು."

ಸಣ್ಣಮ್ಮ ಗೇಟಿನ ಕಡೆಗೆ ಕೈ ತೋರಿಸಿದಳು. "ಅವರ ಹತ್ರಾನೇ ಮಡಗಿದ್ದೀನಿ. ತಲೆದಿಸೆ ಕಲ್ಲಿನ ಅಡೀಲಿ, ಪ್ಲಾಸ್ಟಿಕ್ ಕವರಲ್ಲಿ ಸುತ್ತಿ. ಅವರ ಮಾತು ಅವರ ಹತ್ರ ಇರ್ಲಿ ಅಂತ. ಆಗ ಗೇಟಿರ್ಲಿಲ್ಲ."

ಆ ಹೊತ್ತಿಗೆ ಯಂತ್ರ ನಿಂತಿತು.

ಇಬ್ಬರೂ ಎದ್ದರು. ಸದ್ದು ಮತ್ತೆ ಏಳಬಹುದೆಂದು ಕಾದರು. ಏಳಲಿಲ್ಲ. ಹಾದಿಯಲ್ಲಿ ಎಸ್ಟೇಟಿನ ಕಾವಲುಗಾರ ಚಾತು ಬರುತ್ತಿದ್ದ, ತಲೆಗೆ ಕಟ್ಟಿದ ತೋರ್ತು ಟವಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು. ಐದು ದಿನದಲ್ಲಿ ಮೂರು ಸಲ ಲತಾಮಣಿಗೆ ಬೀಗ ತೆಗೆಯುವುದಿಲ್ಲ ಎಂದವನು.

"ಅಮ್ಮಚ್ಚೀ," ಎಂದ ಸಣ್ಣಮ್ಮನಿಗೆ. "ಮಣ್ಣು ತೋಡೋ ಗಾಡಿ ಓಡಿಸೋ ಮಣಿಕಂಠನ್ ಕೆಲಸ ನಿಲ್ಲಿಸಿದ. ವಿಭೂತಿ ಬಳಿದ ಕಲ್ಲು ಕಂಡಿತಂತೆ. ಇನ್ನೊಂದು ಬಕೆಟ್ಟು ಹಾಕಿದ್ದರೆ ಮುಗೀತಿತ್ತು. ತಲೆ ಹೋದರೂ ತೋಡಲ್ಲ ಅಂತಾನೆ." ಅವನು ಲತಾಮಣಿಯ ಮುಖ ನೋಡದೆ ಬೀಗದಕೈ ತೆಗೆದ. "ಮ್ಯಾನೇಜರ್ ಬರೋಕೆ ಮುಂಚೆ ನೋಡಿ ಬನ್ನಿ. ಹತ್ತೇ ನಿಮಿಷ. ಮೊದಲು ಬಂದ ಟೀಚರಿಗೂ ಅಷ್ಟೇ ಹೇಳಿದ್ದು."

ಆ ಕೊನೆಯ ಮಾತು ಲತಾಮಣಿಯ ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ. ಅವಳು ಸಣ್ಣಮ್ಮನ ಕೈ ಹಿಡಿದು ನಡೆಯುತ್ತಿದ್ದಳು.

ಗೇಟಿನ ಆಚೆ ಕೆಂಪು ಮಣ್ಣು ಸೀಳಿಕೊಂಡು ಬಿದ್ದಿತ್ತು. ಹಳದಿ ಯಂತ್ರ ತನ್ನ ಕೈಯನ್ನು ನೆಲಕ್ಕೆ ಊರಿ ನಿಂತಿತ್ತು. ಅದರ ಹಲ್ಲಿನಿಂದ ಒಂದು ಮೊಳದ ದೂರದಲ್ಲಿ ನಿಂಗಯ್ಯನ ಕಲ್ಲು. ಆಚೆಗೆ ಇನ್ನೂ ಹಳೆಯ ಕಲ್ಲುಗಳು, ಅರ್ಧ ಹೂತುಹೋದವು, ಸಾಲಾಗಿ. ಒಂದೊಂದನ್ನು ದಾಟುವಾಗಲೂ ಸಣ್ಣಮ್ಮ ತುಟಿಯಲ್ಲೇ ಹೆಸರು ಹೇಳುತ್ತಿದ್ದಳು.

ಮಣ್ಣು ಸಡಿಲವಾಗಿತ್ತು. ಇಬ್ಬರೂ ಸೇರಿ ಕಲ್ಲನ್ನು ಓರೆ ಮಾಡಿದರು. ಅಡಿಯಲ್ಲಿ ನೀಲಿ ಪ್ಲಾಸ್ಟಿಕ್ ಕವರು. ಲತಾಮಣಿ ಅದನ್ನು ಎತ್ತಿಕೊಂಡಳು.

"ಇರವ್ವ," ಎಂದಳು ಸಣ್ಣಮ್ಮ. "ನಾನು ಕಟ್ಟಿದ್ದು ಅವರ ಪಂಚೆ ಅಂಚಲ್ಲಿ. ಇದ್ಯಾವ ದಾರ?"

ಬಿಳಿ ದಾರ. ಎರಡು ತುದಿಗೂ ತಗಡಿನ ಮೊನೆ. ಫೈಲಿಗೆ ಪೋಣಿಸುವಂಥದ್ದು.

ಕವರು ಹಗುರವಾಗಿತ್ತು. ಅದರೊಳಗೆ ನೋಟ್‌ಬುಕ್ ಇರಲಿಲ್ಲ.

"ಇಲ್ಲಿ ಇಟ್ಟದ್ದು ಯಾರಿಗೆ ಗೊತ್ತಿತ್ತು ಅವ್ವ?"

"ಯಾರ್ಗೂ ಹೇಳಿಲ್ಲ." ಸಣ್ಣಮ್ಮ ನೆಲದ ಮೇಲೆ ಕೂತುಬಿಟ್ಟಳು. "ಒಬ್ಬರಿಗೆ ಬಿಟ್ಟು. ಆ ಮಗು ನಮ್ಮನೇಲಿ ಮೂರು ದಿನ ಉಂಡಿತ್ತು, ಅದಕ್ಕೆ ಹೇಳ್ದೆ."

ಕವರಿನ ತಳದಲ್ಲಿ ಕಾಗದವೊಂದು ಅಂಟಿಕೊಂಡಿತ್ತು. ಲತಾಮಣಿ ಎರಡು ಬೆರಳು ತೂರಿಸಿ ತೆಗೆದಳು. ಹಳದಿ ಚೀಟಿ. ತಾನೇ ಅಚ್ಚು ಹಾಕಿಸಿದ್ದು. ಮೇಲೆ ನೋಟ್‌ಬುಕ್ಕಿನ ಹೆಸರು. ತಾರೀಕು, ದೂರು ಬಂದು ಮೂರು ದಿನಕ್ಕೆ. ಕೆಳಗೆ ದುಂಡಗಿನ ಅಕ್ಷರದಲ್ಲಿ ಅರ್ಚನಾಳ ಸಹಿ.

ಯಾವ ಪುಸ್ತಕ ಸಿಕ್ಕರೆ ತನ್ನ ಮಾನ ಉಳಿಯುತ್ತಿತ್ತೋ ಆ ಪುಸ್ತಕವನ್ನು ಅವಳೇ ತೆಗೆದುಕೊಂಡು ಹೋಗಿದ್ದಳು. ದಿನಕ್ಕೆರಡು ಸಲ ಸಿಕ್ಕಿತಾ ಎಂದು ಕೇಳುತ್ತಿದ್ದಳು.

ನಿಯಮವನ್ನು ಮಾತ್ರ ಮೀರಿರಲಿಲ್ಲ. ಸತ್ತವನ ತಲೆದಿಸೆಯಿಂದ ತೆಗೆದಾಗಲೂ ಚೀಟಿ ಇಟ್ಟಿದ್ದಳು.